ಮಡಿಲಕ್ಕಿ ಹೊತ್ತು ಬಂದ ಪಿಕ್ಚರ್ ಟ್ಯೂಬು

ನಮ್ಮ ಮನೆಯಲ್ಲಿ ಯಾವ ಯಂತ್ರವೂ ಸಾಯುವುದಿಲ್ಲ. ಅದಕ್ಕೆ ಬೇರೆ ಇಲಾಖೆಗೆ ವರ್ಗವಾಗುತ್ತದೆ, ಅಷ್ಟೆ. ತಂಪು ಮಾಡುವುದನ್ನು ಬಿಟ್ಟ ಫ್ರಿಜ್ಜು ಈಗ ರಾಗಿಹಿಟ್ಟಿನ ಬೀರು. ತಿರುಗುವುದನ್ನು ಬಿಟ್ಟ ಟೇಬಲ್ ಫ್ಯಾನಿನ ಜಾಲರಿ ಸಂಡಿಗೆ ಒಣಗಿಸುವ ತಟ್ಟೆ. ಹಾಡುವುದನ್ನು ಬಿಟ್ಟ ಟೇಪ್ ರೆಕಾರ್ಡರಿನ ಮೇಲೆ ಹತ್ತಿ ನಿಂತರೆ ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆ ಕೈಗೆ ಎಟಕುತ್ತದೆ. ಯಾವುದನ್ನೂ ಗುಜರಿಗೆ ಹಾಕಬಾರದೆಂದು ನಮಗೆ ಯಾರೂ ಹೇಳಿಕೊಟ್ಟವರಿಲ್ಲ. ಆದರೆ ಆಯುಧಪೂಜೆಯ ದಿನ ಒಂದು ವಸ್ತುವಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಕೈಮುಗಿದು ನಿಂತ ಮೇಲೆ ಮಾರನೇ ವಾರ ಅದನ್ನೇ ಕಿವಿ ಹಿಡಿದು ಗುಜರಿಯವನ ತಕ್ಕಡಿಗೆ ಎತ್ತಿ ಹಾಕಲು ಯಾವ ಮುಖ ಬರುತ್ತದೆ, ನೀವೇ ಹೇಳಿ. ನನಗಂತೂ ಬರುವುದಿಲ್ಲ. ನನ್ನ ಹೆಂಡತಿ ಶಾರದ ಇದನ್ನು ಭಕ್ತಿ ಎಂದು ಒಪ್ಪುವುದಿಲ್ಲ. "ಸೋಮಾರಿತನಕ್ಕೆ ಕುಂಕುಮ ಇಟ್ಟಿದ್ದೀರಿ ಅಷ್ಟೆಯ" ಎನ್ನುತ್ತಾಳೆ.

ಹೀಗೆ ಎಲ್ಲಕ್ಕೂ ವರ್ಗವಾಗುತ್ತಿದ್ದ ಮನೆಯಲ್ಲಿ ಒಂದೇ ಒಂದು ಯಂತ್ರ ಮಾತ್ರ ತನ್ನ ಮೂಲ ಹುದ್ದೆಯಲ್ಲೇ ಕೂತಿತ್ತು. ಅದು ನನ್ನ ಕಂಪ್ಯೂಟರು. ಚಾಮರಾಜನಗರದಲ್ಲಿ ನಾನು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಕಾಲದ್ದು. ಬೆನ್ನು ಉಬ್ಬಿದ ಮಾನಿಟರು, ಕಪ್ಪು ಪರದೆ, ಅದರ ಮೇಲೆ ಭತ್ತದ ಪೈರಿನ ಬಣ್ಣದ ಹಸಿರು ಅಕ್ಷರಗಳು. ಬೇರೆ ಬಣ್ಣವೇ ಅದಕ್ಕೆ ಗೊತ್ತಿಲ್ಲ. ಆಗ ವಿದ್ಯಾರ್ಥಿಗಳು ಚಪ್ಪಲಿ ಹೊರಗೆ ಬಿಟ್ಟು, ಕೆಲವರು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬರುತ್ತಿದ್ದರು. ಆಮೇಲೆ ಕಂಪ್ಯೂಟರು ಎಲ್ಲರ ಜೇಬಿನೊಳಗೇ ಇಳಿದಾಗ ನನ್ನ ಕೇಂದ್ರಕ್ಕೆ ಬರುವವನು ಕರೆಂಟು ಬಿಲ್ಲಿನವನು ಒಬ್ಬನೇ ಆದ. ಬೀಗ ಹಾಕಿ ಯಂತ್ರವನ್ನು ಮನೆಗೆ ತಂದೆ. ತಂದ ದಿನವೇ ಅದನ್ನು ಅವ್ವ ವಶಪಡಿಸಿಕೊಂಡಳು.

ಅವ್ವನಿಗೆ ಕಂಪ್ಯೂಟರು ಹೊಸದಲ್ಲ. ಕೇಂದ್ರಕ್ಕೆ ನನಗೆ ಮಧ್ಯಾಹ್ನದ ಬುತ್ತಿ ತರುತ್ತಿದ್ದಾಗ ಹುಡುಗರು ನನ್ನ ಕಣ್ಣು ತಪ್ಪಿಸಿ ಆಡುತ್ತಿದ್ದ ಒಂದು ಆಟವನ್ನು ಅವಳು ಕಂಡಿದ್ದಳು. ಮೇಲಿನಿಂದ ಬೇರೆ ಬೇರೆ ಆಕಾರದ ಇಟ್ಟಿಗೆ ಬೀಳುತ್ತವೆ, ಅವನ್ನು ತಿರುಗಿಸಿ ಸಂದು ಬಿಡದಂತೆ ಜೋಡಿಸಬೇಕು, ಒಂದು ಸಾಲು ತುಂಬಿದರೆ ಆ ಸಾಲು ಮಾಯ. ಅವ್ವ ಕಾಡಂಚಿನ ಹಂಗಳದವಳು. ಸೌದೆ ಒಟ್ಟುವುದರಲ್ಲಿ ಅವಳನ್ನು ಮೀರಿಸಿದವರು ಆ ಊರಿನಲ್ಲಿ ಇರಲಿಲ್ಲವಂತೆ. ಸೊಟ್ಟ ಕೊಂಬೆಯನ್ನೂ ಅದಕ್ಕೆ ತಕ್ಕ ಸೊಟ್ಟ ಸಂದಿನಲ್ಲಿ ಕೂರಿಸಿ, ಇಲಿ ನುಗ್ಗದಂತೆ ಗೋಡೆ ಎಬ್ಬಿಸುತ್ತಿದ್ದಳಂತೆ. "ಇದು ಸೌದೆ ಒಟ್ಟೋ ಆಟ ಕಣ್ಲಾ, ಸರೀರಿ ಅತ್ತಗ" ಎಂದು ಹುಡುಗರನ್ನು ಎಬ್ಬಿಸಿ ಕೂತವಳು ಅವರನ್ನೆಲ್ಲ ಸೋಲಿಸಿ ಎದ್ದಿದ್ದಳು. ಆಟದ ಒಂದು ನಿಯಮ ಮಾತ್ರ ಅವಳಿಗೆ ಇವತ್ತಿಗೂ ಸರಿಬಂದಿಲ್ಲ. "ಚೆಂದಾಗಿ ಒಟ್ಟುದ್ ಸಾಲ್ನೇ ಯಾವನೋ ಕದ್ಕಂಡ್ ಓಯ್ತಾನ ಕಣ್ ಮಗಾ. ಸೊಟ್ಟಗಿದ್ದದ್ ಮುಟ್ಟಲ್ಲ ನೋಡು, ಕಳ್ನನ್ಮಗ!" ಎಂದು ದಿನಕ್ಕೊಮ್ಮೆಯಾದರೂ ಬೈಯುತ್ತಾಳೆ.

ಊಟವಾದ ಮೇಲೆ ಸಂಜೆಯ ಕಾಫಿವರೆಗೆ ಅವ್ವನ ಆಟ, ಆ ಹೊತ್ತು ಮನೆಯೆಲ್ಲ ಮೌನ. ಹೀಗೆ ವರ್ಷಗಳು ನಡೆದವು. ಇತ್ತೀಚೆಗೆ ಪರದೆ ಮಂಕಾಗತೊಡಗಿತು. ಅವ್ವ ಮೊದಲು ಕಿಟಕಿ ಮುಚ್ಚಿದಳು. ಆಮೇಲೆ ಬಾಗಿಲು ಮುಚ್ಚಿದಳು. ಕೊನೆಕೊನೆಗೆ ತಾನೂ ಮಾನಿಟರೂ ಒಂದೇ ಕಂಬಳಿ ಹೊದ್ದು ಕೂತಳು. ಪಕ್ಕದ ಮನೆಯವರು ಇಣುಕಿ ನೋಡಿ, ಶೀತಕ್ಕೆ ಹಬೆ ತೆಗೆದುಕೊಳ್ಳುತ್ತಿದ್ದಾಳೆಂದು ನೀಲಗಿರಿ ಎಣ್ಣೆ ತಂದುಕೊಟ್ಟರು. ಹೀಗಿರುವಾಗ ಒಂದು ಮಧ್ಯಾಹ್ನ ಕಂಬಳಿಯ ಒಳಗಿನಿಂದ "ಹೋಯ್ತು ಕಣ್ ಮಗಾ" ಎಂಬ ದನಿ ಬಂತು. ತೆಗೆದು ನೋಡಿದರೆ ಪರದೆಯ ಮೇಲೆ ಕಾಣುತ್ತಿದ್ದದ್ದು ಅವ್ವನ ಮುಖದ ನೆರಳು ಮಾತ್ರ.

ಮೊದಲ ಕೆಲವು ದಿನ ಅವ್ವ ತನ್ನ ಬಿಡುವನ್ನೆಲ್ಲ ಅಡುಗೆಮನೆಗೆ ಧಾರೆ ಎರೆದಳು. ಶಾರದ ಒಗ್ಗರಣೆಗೆ ಕೈ ಹಾಕಿದರೆ ಹಿಂದಿನಿಂದ "ಸಾಸ್ವೆ ಇನ್ನೂ ಸಿಡ್ದಿಲ್ಲ ಕಣಮ್ಮಿ" ಎಂಬ ವರದಿ. ತಟ್ಟೆ ತೊಳೆದು ಇಟ್ಟರೆ ಅವ್ವ ಅವನ್ನು ಸಂದು ಬಿಡದಂತೆ ಮತ್ತೆ ಜೋಡಿಸುವಳು. ಶಾರದ ನನ್ನನ್ನು ಮೂಲೆಗೆ ಕರೆದು, "ರೀ, ಒಂದೋ ಆ ಡಬ್ಬ ರಿಪೇರಿ ಆಗ್ಬೇಕು, ಇಲ್ಲ ನಾನು ಗುಂಡ್ಲುಪೇಟೆಗೆ ಹೋಗ್ಬೇಕು" ಎಂದಳು. ಗುಂಡ್ಲುಪೇಟೆ ಅವಳ ತವರು. ನಾನು ನಕ್ಕೆ. ಆದರೆ ಆಮೇಲೆ ಅವ್ವ ಅಡುಗೆಮನೆಗೂ ಬರುವುದನ್ನು ಬಿಟ್ಟಳು. ಹಗಲು ಹೊತ್ತಿನಲ್ಲಿ ಮಲಗುವವರನ್ನು ಕಂಡರೆ ಉರಿದುಬೀಳುತ್ತಿದ್ದವಳು ಊಟ ಮಾಡಿ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಒಗ್ಗರಣೆ ಸೀದ ವಾಸನೆ ಬಂದರೂ ಏಳಲಿಲ್ಲ. ಬೇಕೆಂತಲೇ ಸೀಯಿಸಿದ್ದ ಶಾರದ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. "ಬುಡು ಮಗಾ, ಅದ್ಕೂ ವಯಸ್ಸಾಯ್ತು, ನನ್ಗೂ ಆಯ್ತು" ಎಂದಳು ಅವ್ವ, ಗೋಡೆಗೇ ಹೇಳುವಂತೆ. ಆವತ್ತು ನನ್ನ ನಗು ನಿಂತಿತು. ಲ್ಯಾಪ್‌ಟಾಪಿನಲ್ಲಿ ಅದೇ ಆಟವನ್ನು ಬಣ್ಣಬಣ್ಣವಾಗಿ ಹಾಕಿಕೊಟ್ಟೆ. ಎದ್ದು ಕೂತು ಒಂದು ಗಳಿಗೆ ನೋಡಿ, "ಸಂತೇಲಿ ಬಳೆ ಅಂಗ್ಡಿ ಇದ್ದಂಗದ. ಕಣ್ಗ ಚುಚ್ತದ" ಎಂದು ಮತ್ತೆ ಗೋಡೆಗೆ ತಿರುಗಿದಳು. ಹಸಿರು ಪರದೆಯೇ ಆಗಬೇಕಿತ್ತು.

ಟಿವಿ ರಿಪೇರಿಯ ಶಿವಮಲ್ಲು ನನ್ನ ಹಳೆಯ ಸ್ನೇಹಿತ. ಟಿವಿಗಳೆಲ್ಲ ಚಪ್ಪಟೆಯಾದ ಮೇಲೆ ಅವನಿಗೆ ಕೆಲಸ ಕಡಿಮೆ, ಮಾತು ಜಾಸ್ತಿ. ಮಾನಿಟರಿನ ಬೆನ್ನು ಬಿಚ್ಚಿ, ಒಳಗಿನ ಗಾಜಿನ ಬುರುಡೆಯನ್ನು ತಟ್ಟಿ, "ಪಿಕ್ಚರ್ ಟ್ಯೂಬು ಹೋಗದ ಕಣಣ್ಣ. ಬೇರೆಲ್ಲ ಗುಂಡ್‌ಕಲ್ಲಿದ್ದಂಗದ" ಎಂದ. ಹಾಗಾದರೆ ಬೇರೆ ಟ್ಯೂಬು ಹಾಕು ಎಂದೆ. ಅದು ಅಷ್ಟು ಸುಲಭವಲ್ಲವಂತೆ. ಮುಖದ ಅಳತೆ ಒಂದೇ ಇದ್ದರೆ ಸಾಲದು, ಹಿಂದಿನ ಕತ್ತಿನ ದಪ್ಪ ಹೊಂದಬೇಕು, ಕತ್ತಿಗೆ ಸುತ್ತುವ ತಾಮ್ರದ ಕಾಯಿಲು ಒಪ್ಪಬೇಕು, ಬುಡದ ಪಿನ್ನುಗಳು ಕೂಡಬೇಕು. "ಆದ್ರೂ ನನ್ ತಾವ ಒಂದದ, ತಡಿ" ಎಂದು ಯಾವುದೋ ಕಪ್ಪುಬಿಳುಪು ಟಿವಿಯ ಟ್ಯೂಬು ತಂದು ಕೂರಿಸಿಯೇಬಿಟ್ಟ. ಸ್ವಿಚ್ಚು ಹಾಕಿದ. ಬೆಳಕು ಬಂತು! ಅವ್ವ ಎದ್ದು ಬಂದು ಕೂತಳು. ಆಟ ಶುರುವಾಯಿತು. ನೋಡಿದರೆ ಇಟ್ಟಿಗೆಗಳು ಕೆಳಗಿನಿಂದ ಹೊರಟು, ಜಾತ್ರೆಯ ಬಲೂನುಗಳ ಹಾಗೆ ಮೇಲಕ್ಕೆ ಹಾರಿ, ಮೇಲುಗಡೆ ಹೋಗಿ ಅಂಟಿಕೊಳ್ಳುತ್ತಿವೆ. "ಏನ್ಲಾ ಶಿವಮಲ್ಲು, ಸೌದೆ ಮೇಲಕ್ ಓಯ್ತಾ ಕೂತದ!" ಎಂದಳು ಅವ್ವ. ಶಿವಮಲ್ಲು ಸ್ವಲ್ಪವೂ ಅಳುಕದೆ, "ಕಾಯಿಲ್ ಒಸಿ ತಲೆಕೆಳಗಾಗದ ಕಣವ್ವ. ಅದ್ಕೇನು, ಮಾನಿಟ್ರು ತಿರುಗ್ಸಿ ಇಟ್ಕಂಡ್ರಾಯ್ತು" ಎಂದ. ತಿರುಗಿಸಿಯೂ ಇಟ್ಟೆವು. ಆಗ ಬಲಕ್ಕೆ ಒತ್ತಿದರೆ ಇಟ್ಟಿಗೆ ಎಡಕ್ಕೆ ಹೋಯಿತು. ಅಷ್ಟರಲ್ಲಿ ಸಣ್ಣ ಕತ್ತಿನ ಮೇಲೆ ದೊಡ್ಡ ಕಾಯಿಲು ಜಾರಿ, ಚೌಕದ ಪರದೆ ಕೋಳಿಮೊಟ್ಟೆಯಂತಾಗಿ, ಸುಟ್ಟ ರಬ್ಬರಿನ ವಾಸನೆ ಬಂದು, ಎಲ್ಲ ಆರಿತು. ಅವ್ವ ಎದ್ದು ಒಳಗೆ ಹೋಗಿ ಮತ್ತೆ ಗೋಡೆಗೆ ತಿರುಗಿ ಮಲಗಿದಳು.

"ಗುಂಡ್ಲುಪೇಟೆ ಹೈವೇಲಿ ಗುಜರಿ ಕಾಕಾ ಅವ್ನೆ. ಅಲ್ಲಿ ಸಿಕ್ದಿದ್ರೆ ಇನ್ನೆಲ್ಲೂ ಇಲ್ಲ" ಎಂದ ಶಿವಮಲ್ಲು. ಮಾರನೆಯ ದಿನವೇ ಬಸ್ಸು ಹತ್ತಿದೆ. ಈರುಳ್ಳಿ ಲಾರಿಗಳ ಸಾಲು ದಾಟಿ ಕಾಕಾನ ಅಂಗಳಕ್ಕೆ ಕಾಲಿಟ್ಟರೆ, ಹಳೆಯ ಮಾನಿಟರುಗಳು ಒಂದರ ಮೇಲೊಂದು ಪೇರಿಕೊಂಡಿವೆ. ನನ್ನ ಎದೆ ಹಿಗ್ಗಿತು. ಹತ್ತಿರ ಹೋದರೆ ಎಲ್ಲವೂ ಬರೀ ಪೆಟ್ಟಿಗೆ, ಹೊಟ್ಟೆ ಖಾಲಿ. "ಟ್ಯೂಬು ಇಲ್ಲ ಸಾರೇ. ನಾನು ಗಾಜು ಒಡೆದು ತಾಮ್ರ ಮಾತ್ರ ತೆಗೆಯೋದು" ಎಂದ ಕಾಕಾ. ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿರಬೇಕು, ಸುಲೈಮಾನಿ ಚಹಾ ಕೊಡಿಸಿ ಯಾವ ಮಾನಿಟರು, ಎಂಥದ್ದು ಎಂದು ಕೇಳಿದ. ನಾನು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ನೋಡಿದ್ದೇ ತಡ, ಕಾಕಾ ತೊಡೆ ತಟ್ಟಿಕೊಂಡ. "ಇದೇ! ಇದೇ ಸಾಮಾನು ಹರವೆಯಲ್ಲಿ ಅರಿಶಿನದ ಮಂಡಿಯವರ ಮನೇಲಿ ಉಂಟು. ಹಳೇದು ಕೊಡಿ ಅಂತ ಕೇಳಿದ್ದಕ್ಕೆ ಆ ಅಮ್ಮ ಪೊರಕೆ ತಕೊಂಡು ಬಂದಳು ಸಾರೇ. ನಾನು ಗೇಟು ಹಾರಿ ಓಡಿದೆ. ನೀವು ಬೇಕಾದರೆ ಹೋಗಿ. ಗೇಟು ಮಾತ್ರ ತೆರೆದೇ ಇಟ್ಟಿರಿ."

ಹರವೆಯ ಆ ಅಮ್ಮನ ಹೆಸರು ಮಹದೇವಮ್ಮ. ಅವ್ವನ ವಾರಿಗೆಯವರು. ಅರಿಶಿನದ ವ್ಯಾಪಾರ ಈಗ ಮಕ್ಕಳು ನೋಡಿಕೊಳ್ಳುತ್ತಾರೆ, ಮನೆಯ ಯಜಮಾನಿಕೆ ಇವರದ್ದೇ. ನಾನು ಬಂದ ವಿಷಯ ಹೇಳಿದಾಗ ಪೊರಕೆ ತರಲಿಲ್ಲ. "ಬನ್ನಿ ಇಲ್ಲಿ" ಎಂದು ದೇವರಮನೆಗೆ ಕರೆದುಕೊಂಡು ಹೋದರು. ಹೊಸ್ತಿಲಲ್ಲೇ ನಿಂತು ನೋಡಿದೆ. ಶಿವನ ಪಟದ ಪಕ್ಕದಲ್ಲಿ ಮಣೆಯ ಮೇಲೆ, ನಮ್ಮ ಮಾನಿಟರಿನ ಅವಳಿಯೇ ಕೂತಿದೆ. ಹಣೆಗೆ ಅರಿಶಿನ ಕುಂಕುಮ, ನೆತ್ತಿಗೆ ಕನಕಾಂಬರ, ಬೆನ್ನಿಗೆ ಜರಿಯಂಚಿನ ರವಿಕೆ ಕಣ. ಅದು ಲೆಕ್ಕ ಬರೆಯಲು ಮಂಡಿಗೆ ಬಂದ ವರ್ಷವೇ ಅವರ ವ್ಯಾಪಾರ ಎದ್ದದ್ದಂತೆ. ಅಂದಿನಿಂದ ಅದೇ ಲಕ್ಷ್ಮಿ. ಕೆಲಸದಿಂದ ಬಿಡಿಸಿದ ಮೇಲೆ ಮಂಡಿಯಿಂದ ಓಲಗ ಊದಿಸಿ ದೇವರಮನೆಗೆ ತಂದರಂತೆ. ನಮ್ಮ ಮನೆಯಲ್ಲಿ ವರ್ಗಾವಣೆ ಮಾತ್ರ. ಇಲ್ಲಿ ನೇರವಾಗಿ ಬಡ್ತಿ!

"ಮನೆ ಲಕ್ಷ್ಮೀನ ಆಚ್ಗ ಕಳ್ಸಕ್ಕಾಯ್ತದಾ, ನೀವೇ ಹೇಳಿ" ಎಂದರು ಮಹದೇವಮ್ಮ. ನನಗೆ ವಾದ ಮಾಡುವ ಮುಖವಿರಲಿಲ್ಲ. ಫ್ಯಾನಿನ ಜಾಲರಿಯನ್ನೂ ಗುಜರಿಗೆ ಹಾಕಲಾರದವನು ನಾನು. ಅವ್ವ ಗೋಡೆಗೆ ಮುಖ ಮಾಡಿ ಮಲಗಿರುವುದನ್ನು ಮಾತ್ರ ಹೇಳಿದೆ. ಸೌದೆ ಆಟದ ಕಥೆ ಹೇಳಿದೆ, ಕಂಬಳಿಯ ಕಥೆ ಹೇಳಿದೆ. ಮಹದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಶುರುವಾಯಿತು ವಿಚಾರಣೆ. "ನಿಮ್ಮವ್ವ ಯಾವೂರ್ನೋರು?" "ಹಂಗಳ." "ಹಂಗಳದಲ್ಲಿ ಯಾರ ಪೈಕಿ?" ಹೇಳಿದೆ. "ಮನೇಲಿ ದಿನಾ ದೀಪ ಹಚ್ತೀರಾ?" "ಹಚ್ತೀವಿ." "ಇದ ಎಲ್ಲಿ ಇಡ್ತೀರಿ? ಚಪ್ಲಿ ಬುಡೋ ತಾವ ಇಡಂಗಿಲ್ಲ." "ಛೇ, ನಡುಮನೇಲಿ." "ದಿನಕ್ಕೆಷ್ಟೊತ್ತು ಕೆಲ್ಸ ಮಾಡಿಸ್ತೀರಿ?" "ಊಟ ಆದ್ಮೇಲಿಂದ ಸಂಜೆ ಕಾಫಿ ಗಂಟ." ಮಹದೇವಮ್ಮ ಉಸಿರು ಬಿಟ್ಟು, "ಅಷ್ಟೇಯಾ! ಇಲ್ಲಿ ಬೆಳಗಾನ ಎದ್ದು ದುಡೀತು ಪಾಪ" ಎಂದರು. ಈ ಪ್ರಶ್ನೆಗಳನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸಿದೆ. ಗುಂಡ್ಲುಪೇಟೆಯಲ್ಲಿ, ನನ್ನ ಮಾವನವರ ಬಾಯಲ್ಲಿ, ಶಾರದಳನ್ನು ನೋಡಲು ಹೋದ ದಿನ!

ಆಗ ನನಗೆ ಒಂದು ಉಪಾಯ ಹೊಳೆಯಿತು. ಪೆಟ್ಟಿಗೆ ನಿಮ್ಮಲ್ಲೇ ಇರಲಿ, ಒಳಗಿನ ಟ್ಯೂಬು ಮಾತ್ರ ಕೊಡಿ ಎಂದೆ. ಮಹದೇವಮ್ಮ ಕಣ್ಣು ಕೆಂಪು ಮಾಡಿದರು. "ಜೀವ ತಕಂಡ್ ಹೋಗಿ ಬರೀ ಪೆಟ್ಗ ಪೂಜ ಮಾಡ್ಕ ಅಂತೀರಾ?" ನಾನು ಗೇಟಿನ ಕಡೆ ನೋಡಿದೆ. ತೆರೆದೇ ಇತ್ತು. ಅಷ್ಟರಲ್ಲಿ ಅವರೇ ದಾರಿ ತೋರಿಸಿದರು. "ನಿಮ್ ಟ್ಯೂಬ್ ನಮ್ಮನಗ ಕೊಡಿ, ನಮ್ದು ನಿಮ್ಮನಗ ಬರ್ತದ. ಕೊಟ್ಟು ತರೋ ಸಂಬಂಧ. ಆಗ ಯಾರೂ ಆಡ್ಕೊಳಂಗಿಲ್ಲ." ನಮ್ಮದು ಹತ್ತುವುದಿಲ್ಲವಲ್ಲ ಎಂದೆ, ಪ್ರಾಮಾಣಿಕನಾಗಿ. "ಲಕ್ಷ್ಮಿ ಕೂತಿದ್ರಾಯ್ತು. ಹತ್ತಿ ಏನಾಗ್ಬೇಕು?" ಎಂದರು. ನಿಮ್ಮದು ಹತ್ತುತ್ತದೆಯೇ ಎಂದು ಒಮ್ಮೆ ಸ್ವಿಚ್ಚು ಹಾಕಿ ನೋಡಬಹುದೇ ಎಂದು ಕೇಳಿದ್ದೇ ತಪ್ಪಾಯಿತು. "ಹೆಣ್ಣ ಕೊಡೋರ ಮನೇಲಿ ಹೆಣ್ಣ ಪರೀಕ್ಸ ಮಾಡ್ತಾರಾ?" ಎಂದರು. ಕೈಮುಗಿದು ಒಪ್ಪಿಕೊಂಡೆ. ಸೋಮವಾರಕ್ಕೆ ಮುಹೂರ್ತವಾಯಿತು.

ಸೋಮವಾರ ಶಿವಮಲ್ಲುವಿನ ಜೊತೆ, ನಮ್ಮ ಸತ್ತ ಟ್ಯೂಬನ್ನು ಮಗುವಿನ ಹಾಗೆ ಹೊದಿಸಿಕೊಂಡು ಹರವೆಗೆ ಹೋದೆ. ಶಿವಮಲ್ಲು ಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಸ್ಕ್ರೂ ಡ್ರೈವರಿಗೂ ವಿಭೂತಿ ಇಟ್ಟ ಮೇಲೆಯೇ ಮಹದೇವಮ್ಮ ಲಕ್ಷ್ಮಿಯ ಬೆನ್ನು ಬಿಚ್ಚಲು ಬಿಟ್ಟರು. ನಮ್ಮ ಟ್ಯೂಬು ಒಳಗೆ ಹೋಗಿ ಲಕ್ಷ್ಮಿಯಾಯಿತು. ಅವರ ಟ್ಯೂಬು ಹೊರಗೆ ಬಂತು. ಅದನ್ನು ಹೊಸ ರವಿಕೆ ಕಣದ ಮೇಲೆ ಮಲಗಿಸಿ ಮಹದೇವಮ್ಮ ಒಳಗೆ ಹೋದವರು, ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನದ ಕೊಂಬು ತುಂಬಿಕೊಂಡು ಬಂದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬದೆ ಕಳಿಸುವುದುಂಟೇ? ತೊಂದರೆ ಏನೆಂದರೆ, ಪಿಕ್ಚರ್ ಟ್ಯೂಬಿಗೆ ಮಡಿಲಿಲ್ಲ. ಮಹದೇವಮ್ಮ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು. "ನೀವೇ ಒಡ್ರಿ. ಅದ ಎತ್ಕಂಡ್ ಹೋಗೋರು ನೀವೇ ತಾನೆ?" ನರೆತ ಮೀಸೆಯ ನಾನು, ಒಂದು ಕಾಲದ ಕಂಪ್ಯೂಟರ್ ಮೇಷ್ಟ್ರು, ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಟವೆಲ್ಲು ಒಡ್ಡಿ ಮಡಿಲಕ್ಕಿ ತುಂಬಿಸಿಕೊಂಡೆ. ಹಣೆಗೆ ಕುಂಕುಮವೂ ಬಂತು. ಶಿವಮಲ್ಲು ಗೋಡೆ ಹಿಡಿದುಕೊಂಡು ನಗುತ್ತಿದ್ದ. "ಅಳಣ್ಣ, ಒಸಿ ಅಳು, ಚೆಂದಾಗಿರ್ತದ" ಎಂದ. ಅಳುತ್ತಿದ್ದವರು ನಿಜವಾಗಿ ಮಹದೇವಮ್ಮ.

ಮನೆಯಲ್ಲಿ ಶಾರದ ಆರತಿ ಮಾಡಿ ಒಳಗೆ ಕರೆದುಕೊಂಡಳು. ಅಣಕಕ್ಕೆ ಮಾಡಿದಳೋ ಭಕ್ತಿಗೋ, ಕೇಳುವ ಧೈರ್ಯ ನನಗಿರಲಿಲ್ಲ. ಶಿವಮಲ್ಲು ಟ್ಯೂಬು ಕೂರಿಸಿದ. ಕತ್ತು ಹೊಂದಿತು, ಕಾಯಿಲು ಒಪ್ಪಿತು, ಪಿನ್ನುಗಳು ಕೂಡಿದವು. ಸ್ವಿಚ್ಚು ಹಾಕಿದ. ಏನೂ ಇಲ್ಲ. ಕಪ್ಪು. ಕೋಣೆಯಲ್ಲಿ ಮಲಗಿದ್ದ ಅವ್ವ ಈ ಕಡೆ ತಿರುಗಲೂ ಇಲ್ಲ. ನನ್ನ ಟವೆಲ್ಲಿನ ಮಡಿಲಕ್ಕಿ ಇನ್ನೂ ಬಿಚ್ಚಿರಲಿಲ್ಲ. ಇದನ್ನು ಹಿಂದಕ್ಕೆ ಒಪ್ಪಿಸುವ ಪದ್ಧತಿ ಏನಾದರೂ ಇದೆಯೇ ಎಂದು ಯೋಚಿಸುತ್ತಾ ನಿಂತೆ. "ಬಿಸಿಯಾಗ್ಬೇಕು ಕಣಣ್ಣ, ಹೊಸ ಜಾಗ, ನಾಚ್ಕೋತದ" ಎಂದ ಶಿವಮಲ್ಲು, ಆದರೆ ಅವನ ದನಿಯೂ ಇಳಿದಿತ್ತು. ಆಗ ಪರದೆಯ ನಡುವಿನಲ್ಲಿ, ಮೊದಲ ಮಳೆಯ ಮಾರನೆಯ ದಿನ ಹೊಲದ ಬದುವಿನ ಮೇಲೆ ಕಾಣುತ್ತದಲ್ಲ, ಅಂಥದ್ದೊಂದು ಹಸಿರು, ಇದೆಯೋ ಇಲ್ಲವೋ ಎನ್ನುವಂತೆ ಮೂಡಿತು. ನೋಡನೋಡುತ್ತಾ ದಟ್ಟವಾಯಿತು. ನಾನು ಆಟ ಹಾಕಿದೆ. ಇಟ್ಟಿಗೆ ಬೀಳುವ "ಟಕ್" ಎಂಬ ಸದ್ದು ಒಂದೇ ಒಂದು ಸಲ ಕೇಳಿತು. ಕೋಣೆಯ ಒಳಗಿನಿಂದ ದನಿ ಬಂತು: "ಮುಟ್ಬ್ಯಾಡ್ರಿ! ತಪ್ ಒಟ್ಬುಟ್ಟೀರಿ! ಬಂದಿ!"

ಹೊಸ ಸೊಸೆಯ ಗುಣ ಕೆಲವು ದಿನದಲ್ಲೇ ತಿಳಿಯಿತು. ಅವ್ವ ಗೆಲ್ಲುತ್ತಿರುವಷ್ಟು ಹೊತ್ತು ಏನೂ ಇಲ್ಲ. ಸೋಲುವ ಹೊತ್ತಿಗೆ ಇಟ್ಟಿಗೆ ಪೇರಿಕೊಂಡು ಪರದೆಯ ತುದಿ ಮುಟ್ಟಿದಾಗ, ಬೆಳಗಿದ ಇಟ್ಟಿಗೆಗಳ ಮೇಲೆ ಕಪ್ಪಗೆ ಇಂಗ್ಲಿಷ್ ಅಕ್ಷರಗಳು ಮೂಡುತ್ತಿದ್ದವು: ಶ್ರೀ ಗೌರೀಶಂಕರ ಅರಿಶಿನ ಮಂಡಿ, ಹರವೆ. ವರ್ಷಗಟ್ಟಲೆ ಬೆಳಗಿಂದ ಸಂಜೆವರೆಗೆ ಒಂದೇ ಹೆಸರು ತಲೆಯ ಮೇಲೆ ಹೊತ್ತು ಉರಿದದ್ದಕ್ಕೆ ಆ ಜಾಗದಲ್ಲಿ ಗಾಜಿನ ಒಳಲೇಪವೇ ಸುಟ್ಟು ಅಚ್ಚೊತ್ತಿಕೊಂಡಿತ್ತು. ಅಳಿಸಲು ಬರುವುದಿಲ್ಲ ಎಂದ ಶಿವಮಲ್ಲು. ಈ ವಿಷಯ ಮಹದೇವಮ್ಮನವರಿಗೆ ತಿಳಿಯದಿರಲಿ ಎಂದು ನಾನು ದೇವರಿಗೆ ಮೊರೆಯಿಟ್ಟೆ. ನೀವು ಸೋತಾಗಲೆಲ್ಲ ನಮ್ಮ ಮನೆಯ ಹೆಸರು ಬರುತ್ತದಾ ಎಂದು ಯಾರಿಗಾದರೂ ಸಿಟ್ಟು ಬರುವುದಿಲ್ಲವೇ? ಆದರೆ ಅವರು ಮುಂದಿನ ವಾರವೇ ಕಜ್ಜಾಯದ ಡಬ್ಬಿ ಹಿಡಿದು ಮಗಳ ಯೋಗಕ್ಷೇಮ ವಿಚಾರಿಸಲು ಬಂದಿಳಿದರು. ಅವ್ವ ಸಂಭ್ರಮಕ್ಕೆ ಬಿದ್ದು ಅವರ ಎದುರೇ ಆಡಲು ಕೂತು, ಮಾತಿನ ಭರದಲ್ಲಿ ಸೋತಳು. ಹೆಸರು ಮೂಡಿತು. ಮಹದೇವಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾನು ಶಾರದಳ ಹಿಂದೆ ಸರಿದು ನಿಂತೆ. ಅವರು ಅವ್ವನ ಕೈ ಹಿಡಿದುಕೊಂಡು, "ನೋಡಿದ್ರಾ ಬೀಗಿತಿ? ಚೆಂದಾಗಿರೋ ಗಂಟ ನಮ್ ನೆನಪಿಲ್ಲ. ಕಷ್ಟ ಬಂದ್ ಗಳಿಗೇಲಿ ತವರ ನೆನಸ್ಕೊಳ್ತು ನನ್ ಮಗಳು" ಎಂದು ಕಣ್ಣೊರೆಸಿಕೊಂಡರು. ಅವ್ವನೂ ಒರೆಸಿಕೊಂಡಳು. ಶಾರದಳೂ ಒರೆಸಿಕೊಂಡಳು; ಹೆಂಗಸರ ಈ ಒಕ್ಕೂಟದಲ್ಲಿ ನನಗೆ ಜಾಗವಿರಲಿಲ್ಲ, ಕಾಫಿ ಕಾಯಿಸಲು ಹೋದೆ.

ಇಷ್ಟಕ್ಕೇ ಮುಗಿಯಿತೆಂದು ನಾನು ತಿಳಿದಿದ್ದೆ. ಗೌರಿ ಹಬ್ಬ ಹತ್ತಿರ ಬಂದಾಗ ಹರವೆಯಿಂದ ಫೋನು. ಮದುವೆಯಾದ ಮೇಲಿನ ಮೊದಲನೇ ಗೌರಿ ಹಬ್ಬ, ಮಗಳು ತವರಿಗೆ ಬರಬೇಕು. ಬೀಗಿತಿಯೂ ಬರಬೇಕು, ಊಟಕ್ಕೆ. "ಯಾರಾದ್ರೂ ಕೇಳಿದ್ರೆ ನಗ್ತಾರೆ" ಎಂದೆ ನಾನು. ಆಗ ಶಾರದ ಸೊಂಟಕ್ಕೆ ಕೈಯಿಟ್ಟಳು. "ನಾನು ತವರಿಗೆ ಹೊರಟ್ರೆ ಪ್ರತಿ ವರ್ಷ ನಿಮಗೆ ಪರೀಕ್ಷೆ ಇರ್ತಿತ್ತು, ಕರೆಂಟ್ ಬಿಲ್ ಇರ್ತಿತ್ತು. ಗಾಜಿನ ಬುರುಡೆಗೆ ಮೊದಲ್ನೇ ಹಬ್ಬಕ್ಕೇ ಕರೆ ಬಂದದೆ. ನಾನೂ ಹರವೆಗೆ ಬರ್ತೀನಿ, ಅಲ್ಲಿಂದ ಗುಂಡ್ಲುಪೇಟೆಗೆ ಹೋಗ್ತೀನಿ, ಬಾಗಿಲು ಹಾಕಿ!" ಅವ್ವ ತಾನೂ ಬರುವಾಗ ಹಂಗಳಕ್ಕೆ ಹೋಗಿ ಬರುವುದಾಗಿ ಸೇರಿಸಿದಳು.

ಹೀಗೆ ಹಬ್ಬದ ಹಿಂದಿನ ದಿನ ನಾವೆಲ್ಲ ಹರವೆಯ ಬಸ್ಸಿನಲ್ಲಿ ಕೂತೆವು. ಶಾರದ ಕಿಟಕಿಗೆ, ಅವ್ವ ಪಕ್ಕಕ್ಕೆ, ನಾನು ಅವರ ಮುಂದಿನ ಸೀಟಿನಲ್ಲಿ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು. ಅದಕ್ಕೆ ಶಾರದ ಹಸಿರು ಕಣ ಹೊದಿಸಿ, ಕುಂಕುಮವಿಟ್ಟು, ಹೂ ಮುಡಿಸಿದ್ದಳು. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಕಂಡಕ್ಟರು ಬಂದು ಹೆಂಗಸರಿಬ್ಬರಿಗೂ ಫ್ರೀ ಟಿಕೆಟು ಹರಿದುಕೊಟ್ಟು, ನನ್ನ ತೊಡೆಯ ಕಡೆ ಬೆರಳು ತೋರಿಸಿ, "ಅದ್ಕ ಲಗೇಜ್ ಟಿಕೆಟ್ ತಕಬೇಕು ಸಾ" ಎಂದ. ಇದು ಕಂಪ್ಯೂಟರಿನ ಮಾನಿಟರು, ರಿಪೇರಿಗೆ ಒಯ್ಯುತ್ತಿದ್ದೇನೆ ಎಂದು ಹೇಳಿ ಮಾನ ಉಳಿಸಿಕೊಳ್ಳಬೇಕೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಲಗೇಜ್ ಎಂಬ ಮಾತು ಕೇಳಿದ್ದೇ ನನಗೆ ಎಲ್ಲಿತ್ತೋ ಸಿಟ್ಟು ಬಂದುಬಿಟ್ಟಿತು. "ಯಾವ್ದಪ್ಪ ಲಗೇಜು? ನಮ್ಮನೆ ಸೊಸೆ ಇದು. ಮೊದಲ್ನೇ ಗೌರಿ ಹಬ್ಬ, ತವರಿಗೆ ಕರ್ಕಂಡ್ ಓಯ್ತಾ ಇವ್ನಿ!" ಎಂದೆ, ಬಸ್ಸಿಗೆಲ್ಲ ಕೇಳುವಂತೆ. ಕಂಡಕ್ಟರು ಕಣ ನೋಡಿದ, ಕುಂಕುಮ ನೋಡಿದ, ನನ್ನನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, "ಹೆಂಗುಸ್ರಾದ್ರ ಫ್ರೀ. ಆಧಾರ್ ತೋರ್ಸಕ್ಕೇಳಿ" ಎಂದ. ಹಿಂದಿನಿಂದ ಅವ್ವ, "ತವರ್ಮನೆ ಅಡ್ರೆಸ್ಸು ಅದ್ರ ಮಖದ ಮ್ಯಾಲೇ ಬರ್ದದ ಕಣಪ್ಪ. ಕರೆಂಟ್ ಕೊಟ್ಟು ನೋಡ್ಕ" ಎಂದಳು.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಲಗೇಜಿನ ಮಾತು ಬಿಟ್ಟು ನನ್ನ ಮುಂದೆ ಕೈ ಚಾಚಿದ. ಅವ್ವ ಹಂಗಳದವಳು, ಶಾರದ ಗುಂಡ್ಲುಪೇಟೆಯವಳು, ತೊಡೆಯ ಮೇಲಿದ್ದದ್ದು ಹರವೆಯದು. ತವರಿದ್ದವರು ಮೂವರೂ ಪುಕ್ಕಟೆಯಾಗಿ ಹೊರಟಿದ್ದರು. ನಾನು ಮಾನಿಟರನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯಿಂದ ಜೇಬು ತಡಕಿ ಟಿಕೆಟು ತೆಗೆದುಕೊಂಡೆ. ಆ ಬಸ್ಸಿನಲ್ಲಿ ಲಗೇಜು ಅಂತ ಯಾವುದಾದರೂ ಇದ್ದರೆ, ಅದು ನಾನೇ.